ನಾನು ಬೇಡವೆಂದ ಹೆಬ್ಬೆಟ್ಟು

ನನ್ನ ಅಕ್ಷರ ಚೆಂದ. ಜಂಬಕ್ಕೆ ಹೇಳುತ್ತಿಲ್ಲ, ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತದೆ. ಅಬಕಾರಿ ಇಲಾಖೆಗೆ ಕಾನ್‌ಸ್ಟೇಬಲ್ ಆಗಿ ಸೇರಿದ ಮೊದಲನೇ ತಿಂಗಳು ಇನ್‌ಸ್ಪೆಕ್ಟರು ನನ್ನ ರಜೆ ಅರ್ಜಿ ನೋಡಿದರು. ರಜೆ ಕೊಡಲಿಲ್ಲ. "ಇವನನ್ನು ದಾಳಿಗೆ ಕರಕೊಂಡು ಹೋಗಿ ಹಾಳು ಮಾಡಬೇಡಿ, ಬರೆಯಾಕ ಕೂರಿಸಿ" ಎಂದರು. ಅಂದಿನಿಂದ ನಿವೃತ್ತಿಯವರೆಗೆ ತೆಲುಗು ನಾಡಿನ ಗಡಿಯ ಮಕ್ತಲ್, ಗದ್ವಾಲ, ನಾರಾಯಣಪೇಟೆ ಎಂದು ಎಲ್ಲಿಗೆ ವರ್ಗವಾದರೂ ನಾನು ಠಾಣೆಯ ರೈಟರ್. ಮನೆಯಲ್ಲಿ ಕನ್ನಡ, ಕಾಗದದ ಮೇಲೆ ತೆಲುಗು, ಹಿರಿಯ ಸಿಬ್ಬಂದಿಯ ಜೊತೆ ಉರ್ದು. ಮೂರರಲ್ಲೂ ಸುಳ್ಳು ಬರೆಯಬಹುದು ಎಂಬುದನ್ನು ನೌಕರಿಯೇ ಕಲಿಸಿತು.

ಈಚೆಗೆ ನಮ್ಮ ಓಣಿಯ ಮೂವರು ಇದೇ ಇಲಾಖೆಗೆ ಆಯ್ಕೆಯಾಗಿ ಪೇಡೆ ತಂದು ಕಾಲಿಗೆ ಬಿದ್ದರು. "ಕಾಕಾರ, ನೌಕರಿ ಹ್ಯಾಂಗ ಮಾಡಬೇಕು, ಏನರ ಹೇಳ್ರಿ" ಎಂದರು. ಪೇಡೆ ತಿಂದೆ, ಏನೂ ಹೇಳಲಿಲ್ಲ. ಆ ಮಕ್ಕಳ ಮುಖ ನೋಡುತ್ತ ಹೇಳುವ ಧೈರ್ಯ ಬರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮದು ಲಿಂಗ ಕಟ್ಟುವ ಮನೆ, ಹೆಂಡದ ವಾಸನೆಯೂ ಗೊತ್ತಿಲ್ಲದ ಜನ. ನೌಕರಿಯ ಆದೇಶ ಬಂದ ದಿನ ಅವ್ವ ತಲೆಗೆ ಕೈ ಹಚ್ಚಿ ಕೂತಳು. "ಹೆಂಡದ ನೌಕರಿ ಅಂತ ಬೀಗರ ಮುಂದ ಹ್ಯಾಂಗ ಹೇಳ್ಲೋ? ಕಚೇರಿ ಅಂತೀನಿ ತಗೋ" ಎಂದಳು. ಸಾಯುವವರೆಗೂ ಕಚೇರಿ ಎಂದೇ ಹೇಳಿದಳು.

ನನಗೆ ಗುರು ಎಂದರೆ ಖಾಜಾ ಸಾಬ್, ಹಿರಿಯ ಹೆಡ್ ಕಾನ್‌ಸ್ಟೇಬಲ್. ನಮ್ಮ ಕಡೆ ಈಚಲು ಮರದ ಹೆಂಡಕ್ಕೆ ಸೇಂದಿ ಎನ್ನುತ್ತಾರೆ. ಊರೂರಿಗೂ ಸೇಂದಿ ದುಕಾನ, ಅದನ್ನು ನಡೆಸುವ ಗುತ್ತೇದಾರ. ಖಾಜಾ ಸಾಬ್ ಯಾವ ಊರಿಗೆ ಹೋದರೂ ಮೊದಲು ದುಕಾನಕ್ಕೆ ಹೋಗುತ್ತಿರಲಿಲ್ಲ, ಊರ ಹೊರಗೆ ಒಂದು ಸುತ್ತು ಹಾಕುತ್ತಿದ್ದರು.

"ಶರಣಪ್ಪ, ಮೊದ್ಲ ಗಿಡ ನೋಡು. ಸೇಂದಿ ಇಳಿಯೋ ಗಿಡ ಹತ್ತು ಸುದ್ದೆ ಇಲ್ಲ, ಊರಿಗೆ ಊರೇ ತೂಗಾಡಾಕ ಹತ್ತೈತಿ. ಉಳಿದ ಸೇಂದಿ ಎಲ್ಲಿಂದ ಬಂತು?"

"ಬ್ಯಾರೆ ಊರಿಂದ ತರತಾರೇನ್ರಿ?"

"ನಳದಾಗಿಂದ ತರತಾರ" ಎಂದು ನಕ್ಕಿದ್ದರು.

ನಳದ ನೀರಿಗೆ ಒಂದಿಷ್ಟು ಸೇಂದಿ, ಸಿಹಿಗೆ ಸ್ಯಾಕರಿನ್, ಅಮಲಿಗೆ ಪುಡಿ. ಮೊದಲು ಕ್ಲೋರಲ್ ಬೆರೆಸುತ್ತಿದ್ದರು. ಅದಕ್ಕೆ ಬಿಗಿ ಬಂತು, ನಿದ್ದೆಗುಳಿಗೆ ಅರೆದು ಹಾಕಿದರು. ಅದನ್ನೂ ಹಿಡಿದೆವು, ಆಲ್ಪ್ರಾಜೋಲಂ ಎಂಬ ಪುಡಿ ಬಂತು, ಚಿಟಿಕೆ ಹಾಕಿದರೆ ಗಡಿಗೆಗೆ ಗಡಿಗೆಯೇ ಮತ್ತು. ನಾವು ಚಾಪೆ ಕೆಳಗೆ ನುಸುಳಿದರೆ ಅವರು ರಂಗೋಲಿ ಕೆಳಗೆ ನುಸುಳುವವರು. ನಮ್ಮ ಪರೀಕ್ಷೆಯ ರೀತಿಯೂ ಬದಲಾಯಿತು. ಮೊದಲು ನೊಣ ಕೂತರೆ ಸಾಚಾ, ಕೂರದಿದ್ದರೆ ಬೆರಕೆ ಎನ್ನುತ್ತಿದ್ದರು. ಆಮೇಲೆ ಬಣ್ಣ ತೋರಿಸುವ ಪೆಟ್ಟಿಗೆ ಬಂತು. ಪೆಟ್ಟಿಗೆ ಬಂದ ಮೇಲೂ ಕೆಲವು ಸಾಹೇಬರು ನೊಣವನ್ನೇ ನಂಬಿದರು, ಯಾಕೆಂದರೆ ನೊಣ ಕಾಗದದ ಮೇಲೆ ಏನೂ ಬರೆದಿಡುವುದಿಲ್ಲ.

ನನ್ನ ಮೊದಲ ಎಡವಟ್ಟು ಬೇಸಿಗೆಯಲ್ಲಿ ಆಯಿತು. ಮಕ್ತಲ್ ಕಡೆಯ ದುಕಾನವೊಂದರ ಸೇಂದಿಯನ್ನು ನಾಲ್ಕು ಸೀಸೆಗೆ ಕಂಠಮಟ ತುಂಬಿಸಿ, ಬಿರಡೆ ಜಡಿದು, ಅರಗು ಹಚ್ಚಿ, ಮುದ್ರೆ ಒತ್ತಿ, ಚೆಂದದ ಅಕ್ಷರದಲ್ಲಿ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟೆ. ಸೇಂದಿ ಸೀಸೆಯೊಳಗೂ ಹುಳಿ ಏರುತ್ತಲೇ ಇರುತ್ತದೆ ಎಂದು ಲಿಂಗ ಕಟ್ಟುವವನಿಗೆ ಹೇಗೆ ಗೊತ್ತಾಗಬೇಕು? ಮರುದಿನ ಮಧ್ಯಾಹ್ನ ಸಾಹೇಬರು ಊಟಕ್ಕೆ ಕೂತಾಗ ನಾಲ್ಕೂ ಬಿರಡೆ ಒಂದಾದ ಮೇಲೊಂದು ಹಾರಿದವು. ಕಪಾಟಿನಲ್ಲಿದ್ದ ಕಡತಗಳೆಲ್ಲ ತೊಯ್ದವು. ಖಾಜಾ ಸಾಬ್ ಹೊಟ್ಟೆ ಹಿಡಿದು ನಕ್ಕು, "ಸಾಕ್ಷಿ ಓಡಿಹೋಯ್ತು ಅಂತ ಬರಿ" ಎಂದರು. ಆ ಕೇಸು ಬಿದ್ದುಹೋಯಿತು. ಆಗ ನಾವೆಲ್ಲ ನಕ್ಕೆವು.

ಗಟ್ಟು ಕಡೆಯ ಒಂದು ಹಳ್ಳಿಯಲ್ಲಿ ನಗು ಬರಲಿಲ್ಲ. ಬೆರಕೆ ಸಿಕ್ಕಿತೆಂದು ದುಕಾನಕ್ಕೆ ಬೀಗ ಜಡಿದು ಬಂದೆವು. ಮೂರನೇ ದಿನ ಊರ ಹಿರಿಯರೇ ಠಾಣೆಗೆ ಬಂದರು. ಕುಡಿತ ನಿಂತವರಿಗೆ ಕೈಕಾಲು ನಡುಕ, ಕೆಲವರಿಗೆ ಫಿಟ್ಸು. ಒಬ್ಬ ಗೌಂಡಿ ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ ಮಾಡಿಕೊಂಡಿದ್ದ. "ಬೀಗ ತೆಗೀರಿ ಸಾಬ, ಜನ ಸಾಯಾಕ ಹತ್ತ್ಯಾರ" ಎಂದು ಕೈ ಮುಗಿದರು. ವಿಷ ಹಾಕಿದವನೂ ಗುತ್ತೇದಾರ, ಈಗ ಜೀವ ಉಳಿಸುವವನೂ ಅವನೇ ಆದ. ಹೊಸ ಮಕ್ಕಳೇ, ಇದನ್ನು ನೆನಪಿಡಿ: ದುಕಾನ ಮುಚ್ಚುವ ದಿನ ಜೀಪಿನ ಹಿಂದೆ ಡಾಕ್ಟರನ್ನೂ ಕರೆದುಕೊಂಡು ಹೋಗಿ. ನಾವು ಕರೆದೊಯ್ಯಲಿಲ್ಲ.

ಇನ್ನು ಪಂಚರ ಮಾತು. ಜಪ್ತಿ ಮಾಡುವಾಗ ಇಬ್ಬರು ಹೊರಗಿನವರು ಪಂಚರಾಗಿ ನಿಂತು, ಕಣ್ಣಾರೆ ನೋಡಿ, ಪಂಚನಾಮೆಗೆ ಸಹಿ ಹಾಕಬೇಕು. ಊರಿನವರು ಯಾರೂ ಬರುವುದಿಲ್ಲ. ಗುತ್ತೇದಾರನಿಗೆ ಎದುರಾಗಿ ಸಹಿ ಹಾಕಿ ಅದೇ ಊರಲ್ಲಿ ಬದುಕಬೇಕಲ್ಲ. ಹೀಗಾಗಿ ಪ್ರತಿ ಠಾಣೆಯಲ್ಲೂ ಒಬ್ಬ ಕಾಯಂ ಪಂಚ ಇರುತ್ತಿದ್ದ. ನನ್ನ ಕೊನೆಯ ಠಾಣೆಯಲ್ಲಿ ಅವನು ಮಾಳಪ್ಪ. ಠಾಣೆಯ ಗೋಡೆಗೆ ಒರಗಿ ಕಂಬಳಿ ಮಾರುತ್ತಿದ್ದ, ಬೀರಪ್ಪ ದೇವರ ಒಕ್ಕಲು. ಬರೆಯಲು ಬರುತ್ತಿದ್ದದ್ದು ತನ್ನ ಹೆಸರೊಂದೇ, ಅದನ್ನು ನಾಲಿಗೆ ಹೊರಗೆ ಚಾಚಿಕೊಂಡು ಶ್ರದ್ಧೆಯಿಂದ ಬರೆಯುತ್ತಿದ್ದ. ಮೊದಮೊದಲು ಜೀಪಿನಲ್ಲಿ ಜೊತೆಗೆ ಬರುತ್ತಿದ್ದ. ಆಮೇಲೆ ಅವನ ಕಂಬಳಿ ಕಾಯುವವರು ಯಾರೂ ಇಲ್ಲವೆಂದು, ನಾನೇ ಒಂದು ಉಪಾಯ ಮಾಡಿದೆ. ಹತ್ತು ಹನ್ನೆರಡು ಬಿಳಿ ಹಾಳೆಯ ತಳದಲ್ಲಿ ಅವನ ಸಹಿ ಹಾಕಿಸಿ ಮೇಜಿನ ಖಾನೆಯಲ್ಲಿಟ್ಟುಕೊಂಡೆ. ಬೇಕಾದಾಗ ಮೇಲೆ ತುಂಬಿಸಿದರಾಯಿತು. ನನ್ನ ಅಕ್ಷರ ಎಷ್ಟು ಹದವೆಂದರೆ ಕೊನೆಯ ಸಾಲು ಸರಿಯಾಗಿ ಅವನ ಸಹಿಯ ಮೇಲೆ ಬಂದು ನಿಲ್ಲುತ್ತಿತ್ತು. ಸಾಹೇಬರು ಮೆಚ್ಚಿದರು.

"ಸಾಬ, ಖಾಲಿ ಹಾಳಿ ಮ್ಯಾಲ ಯಾಕ್ರಿ?" ಎಂದು ಮಾಳಪ್ಪ ಮೊದಲ ದಿನ ಕೇಳಿದ್ದ.

"ನಾವು ನೋಡಿದ್ದೇ ಬರೀತೀವಿ ಮಾಳಪ್ಪ, ಸುಳ್ಳೇನು ಬರೆಯಂಗಿಲ್ಲ."

"ನೀವು ಬರೆಯಂಗಿಲ್ಲ ಅಂದ್ರ ಆತ್ರಿ" ಎಂದು ನಾಲಿಗೆ ಚಾಚಿ ಸಹಿ ಹಾಕಿದ.

ವರ್ಷಗಳಾದ ಮೇಲೆ ಕಂಬಳಿ ಕೊಳ್ಳುವವರು ಕಡಿಮೆಯಾದರು. ಮಾಳಪ್ಪ ಹೆಂಡತಿಯನ್ನು ಕರೆದುಕೊಂಡು ಪುಣೆಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದ. ಗೋಡೆಯ ಬುಡ ಖಾಲಿಯಾದದ್ದು ನನ್ನ ಕಣ್ಣಿಗೆ ಬಿದ್ದಿರಬೇಕು. ಆದರೆ ಖಾನೆಯಲ್ಲಿ ಹಾಳೆಗಳಿದ್ದವಲ್ಲ, ಮನುಷ್ಯನ ಚಿಂತೆ ಯಾಕೆ?

ಈಗ ಹೇಳಬೇಕಾದದ್ದಕ್ಕೆ ಬಂದೆ.

ದೀಪಾವಳಿಗೆ ನಾಲ್ಕು ದಿನ ಮೊದಲು, ದಾಮರಗಿದ್ದ ಕಡೆಯ ಒಂದು ಹಳ್ಳಿಯಿಂದ ಬೆಳಿಗ್ಗೆ ಫೋನು ಬಂತು. ಚಂದ್ರಮ್ಮ ಎಂಬ ಮೂರನೇ ಇಯತ್ತೆ ಓದುತ್ತಿದ್ದ ಹುಡುಗಿ ಹಿಂದಿನ ಸಂಜೆ ಸೇಂದಿ ಕುಡಿದು ಮಲಗಿದವಳು ಏಳಲೇ ಇಲ್ಲ. ಅಪ್ಪ ಮುಂಬಯಿಯಲ್ಲಿ ದುಡಿಯುತ್ತಿದ್ದ. ಮನೆಯಲ್ಲಿ ತಾಯಿ ನರಸಮ್ಮ, ಅಜ್ಜಿ ಬಾಲಮ್ಮ. ಅಜ್ಜಿಗೆ ದಿನಾ ಸಂಜೆ ಸೇಂದಿ ಬೇಕು, ಕ್ಯಾನು ಹಿಡಿದು ತರುವವಳು ಚಂದ್ರಮ್ಮ.

ಹುಡುಗಿ ಯಾಕೆ ಕುಡಿದಳು ಎಂದು ಕೇಳುತ್ತೀರಿ. ಕಿರಾಣಿ ಅಂಗಡಿಯಲ್ಲಿ ಸಾಮಾನು ತಂದ ಮಕ್ಕಳಿಗೆ ಕೊಸರು ಎಂದು ಚೂರು ಬೆಲ್ಲ ಕೊಡುತ್ತಾರಲ್ಲ, ಹಾಗೆ ಆ ಊರಿನ ಗುತ್ತೇದಾರ ವೆಂಕಟಯ್ಯ ಕ್ಯಾನು ತಂದ ಮಕ್ಕಳಿಗೆ ಕ್ಯಾನಿನ ಮುಚ್ಚಳದಲ್ಲಿ ಸೇಂದಿ ಕೊಸರು ಹಾಕುತ್ತಿದ್ದ. ಮಕ್ಕಳು ಓಡೋಡಿ ಬರುತ್ತಿದ್ದವು, ಪಕ್ಕದ ಊರಿನ ದುಕಾನಕ್ಕೆ ಹೋಗುತ್ತಿರಲಿಲ್ಲ. ಹತ್ತು ವರ್ಷ ಬಿಟ್ಟರೆ ಅವರೇ ಗಿರಾಕಿಗಳು. ದೊಡ್ಡವರು ಇದನ್ನು ನೋಡಿ ನಗುತ್ತಿದ್ದರು. ನಾವೂ ಹತ್ತಾರು ಸಲ ನೋಡಿದ್ದೆವು, ಸುಳ್ಳೇಕೆ? ಆ ಸಂಜೆ ಚಂದ್ರಮ್ಮ ತಡವಾಗಿ ಹೋಗಿದ್ದಳು. ಗಡಿಗೆ ಬರಿದಾಗುತ್ತ ಬಂದಿತ್ತು, ಕರಗದ ಪುಡಿ ತಳದಲ್ಲಿ ಕೂತಿತ್ತು. ಅವಳ ಕೊಸರಿಗೆ ವೆಂಕಟಯ್ಯ ಆ ಗಸಿಯನ್ನೇ ಬಗ್ಗಿಸಿದ.

ನಾವು ಹೋದಾಗ ದುಕಾನದಲ್ಲಿ ಎಲ್ಲವೂ ಇತ್ತು. ತಳದಲ್ಲಿ ಬಿಳಿ ಗಸಿ ಅಂಟಿದ ಗಡಿಗೆ, ಗೋಣಿಚೀಲದ ಅಡಿಯಲ್ಲಿ ಪುಡಿಯ ಪ್ಯಾಕೆಟ್ಟು. ಮೂವತ್ತು ವರ್ಷದಲ್ಲಿ ಅಷ್ಟು ಸ್ಪಷ್ಟವಾದ ಜಪ್ತಿ ನಾನು ಕಂಡಿರಲಿಲ್ಲ. ಕಾನೂನಿಲ್ಲ ಎಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ. ಬೆರಕೆ ಮಾರಿ ಜೀವ ಹೋದರೆ ಮಾರಿದವನನ್ನು ವರ್ಷಗಟ್ಟಲೆ ಒಳಗೆ ಹಾಕುವ ಕಲಮಿದೆ. ಮಕ್ಕಳ ಕೈಗೆ ಅಮಲು ಕೊಟ್ಟರೆ ಅದಕ್ಕೊಂದು ಕಲಮು, ಪುಡಿ ಇಟ್ಟುಕೊಂಡದ್ದಕ್ಕೆ ಇನ್ನೊಂದು. ಮೂರೂ ವೆಂಕಟಯ್ಯನ ಮೈಗೆ ಅಳತೆ ತೆಗೆದು ಹೊಲಿದ ಹಾಗಿದ್ದವು.

ಪಂಚರು ಬೇಕಿತ್ತು. ಊರ ತಳವಾರನನ್ನು ಹೆದರಿಸಿ ಒಬ್ಬನನ್ನಾಗಿ ಮಾಡಿದೆವು. ಇನ್ನೊಬ್ಬ ಬೇಕು. ಸುತ್ತ ನಿಂತ ಜನ ಒಬ್ಬೊಬ್ಬರಾಗಿ ಹಿಂದೆ ಸರಿದರು. ಆಗ ಒಬ್ಬ ಮುದುಕಿ ಗುಂಪು ಸೀಳಿಕೊಂಡು ಮುಂದೆ ಬಂದಳು. ಬಾಲಮ್ಮ.

"ಯಪ್ಪಾ, ನಾ ಒತ್ತತೀನಿ."

"ಏನು ಒತ್ತತಿ ಅಜ್ಜಿ?"

"ಹೆಬ್ಬಟ್ಟು. ಕೂಸು ತಡಾ ಮಾಡ್ತಂತ ನಿನ್ನೆ ನಾ ಹುಡುಕ್ಕೊಂಡು ಬಂದಿದ್ದೆ. ಅವ ಗಡಿಗಿ ಬಗ್ಗಿಸಿ ಮುಚ್ಚಳಕ್ಕ ಹಾಕಿದ್ದು ಈ ಕಣ್ಣೀಲೆ ನೋಡೀನಿ. ಇವತ್ತ ನೀವು ಗಡಿಗಿ ಹಿಡಿದಿದ್ದೂ ನೋಡೀನಿ. ಕಳಿಸಿದಾಕಿ ನಾನು. ನಾನs ಒತ್ತಬೇಕು."

ನಾನು ಇನ್‌ಸ್ಪೆಕ್ಟರ ಮುಖ ನೋಡಿದೆ. ಅವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಜಿಲ್ಲೆಯಿಂದ ಮೇಲಿನವರು ಹೊರಟಿದ್ದರು, ಅವರು ಬರುವಷ್ಟರಲ್ಲಿ ಕಾಗದ ಸಿದ್ಧವಿರಬೇಕು. "ತೊಂದರಗಾ ಕಾನಿಯ್ಯಿ ಶರಣಪ್ಪಾ" ಎಂದರು, ಬೇಗ ಮುಗಿಸು ಎಂದು. ನಾನು ನನ್ನ ಅನುಭವದ ಲೆಕ್ಕ ಹಾಕಿದೆ: ಸತ್ತವಳ ಸ್ವಂತ ಅಜ್ಜಿ, ದಿನಾ ಕುಡಿಯುವವಳು, ಹೆಬ್ಬೆಟ್ಟಿನವಳು. ವಕೀಲ ಸಿಗಿದು ಹಾಕುತ್ತಾನೆ.

"ನಿನ್ನ ಹೆಬ್ಬೆಟ್ಟು ನಡೆಯಂಗಿಲ್ಲ ಅಜ್ಜಿ, ಸಹಿ ಮಾಡೋರು ಬೇಕು. ಪೊಲೀಸರು ಹೇಳಿಕೆ ತಗೋತಾರ, ಅವರಿಗೆ ಹೇಳು" ಎಂದೆ.

ಅವಳು ಹೆಬ್ಬೆರಳನ್ನು ಒಂದು ಸಲ ನೋಡಿಕೊಂಡು, ಸೆರಗಿಗೆ ಒರೆಸಿಕೊಂಡು ಹಿಂದೆ ಹೋದಳು. ನಾನು ಖಾನೆಯಿಂದ ಚೀಲಕ್ಕೆ ಹಾಕಿಕೊಂಡು ಬಂದಿದ್ದ ಮಾಳಪ್ಪನ ಸಹಿಯ ಹಾಳೆ ತೆಗೆದು, ಜೀಪಿನ ಬಾನೆಟ್ಟಿನ ಮೇಲಿಟ್ಟು ಬರೆದೆ. ನನ್ನ ಜೀವಮಾನದ ಅತಿ ಚೆಂದದ ಪಂಚನಾಮೆ ಅದು. ಒಂದು ಅಕ್ಷರವೂ ಸುಳ್ಳಿರಲಿಲ್ಲ, ಕೆಳಗಿನ ಸಹಿ ಒಂದನ್ನು ಬಿಟ್ಟರೆ.

ಲ್ಯಾಬಿನ ವರದಿ ನಮ್ಮ ಕಡೆಗೇ ಬಂತು. ಗಡಿಗೆಯಲ್ಲಿದ್ದ ಪುಡಿಯೇ ಹುಡುಗಿಯ ಹೊಟ್ಟೆಯಲ್ಲೂ ಇತ್ತು. ಮರುವರ್ಷ ಕೇಸು ವಿಚಾರಣೆಗೆ ಬರುವಷ್ಟರಲ್ಲಿ ತಳವಾರ ಉಲ್ಟಾ ಹೊಡೆದ, "ನಂಗೇನೂ ಗೊತ್ತಿಲ್ರಿ, ಸಹಿ ಹಾಕಂದ್ರು ಹಾಕೀನಿ" ಎಂದ. ಅದು ಗೊತ್ತಿದ್ದ ಸಂಗತಿಯೇ. ಬಾಲಮ್ಮ ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಆ ದಿನ ಕುಡಿದಿದ್ದೆಯಾ ಎಂದು ಕೇಳಿದರೆ, "ಕುಡಿದಿದ್ದಿಲ್ಲ, ಕ್ಯಾನು ಇನ್ನಾ ಕೂಸಿನ ಕೈಯಾಗ ಇತ್ತು" ಎಂದಳು. ವಕೀಲ ಸಿಗಿದು ಹಾಕಲಿಲ್ಲ. ಅವನ ಕೈಲಿ ಆಗಲಿಲ್ಲ. ಆದರೆ ಅವಳ ಮಾತು ನಿಲ್ಲಲು ಆ ಗಡಿಗೆ ಅದೇ ದುಕಾನದಲ್ಲಿ ಸಿಕ್ಕಿತೆಂದು ಸಾಬೀತಾಗಬೇಕಿತ್ತು. ಅದಕ್ಕೆ ಉಳಿದಿದ್ದವನು ಮಾಳಪ್ಪ ಒಬ್ಬನೇ.

ಮಾಳಪ್ಪನನ್ನು ಪುಣೆಯಿಂದ ಕರೆಸಿದೆವು. ಹಿಂದಿನ ದಿನ ನಾನೇ ಅವನನ್ನು ಕೂರಿಸಿಕೊಂಡು, ಎಲ್ಲಿ ನಿಂತಿದ್ದೆ, ಗಡಿಗೆ ಯಾವ ಮೂಲೆಯಲ್ಲಿತ್ತು ಎಂದು ಬಾಯಿಪಾಠ ಮಾಡಿಸಿದೆ. ತಲೆ ಅಲ್ಲಾಡಿಸಿದ. ಹೋಗುವಾಗ ಅವನು ಕುಂಟುತ್ತಿದ್ದ. ಯಾಕೆಂದು ನಾನು ಕೇಳಲಿಲ್ಲ.

ಮರುದಿನ ಕೋರ್ಟಿನಲ್ಲಿ ಎದುರು ವಕೀಲರು ಪಂಚನಾಮೆಯನ್ನು ಎತ್ತಿ ಹಿಡಿದು ಮೊದಲು ನನ್ನ ಅಕ್ಷರವನ್ನು ಹೊಗಳಿದರು. ಆಮೇಲೆ ಮಾಳಪ್ಪ ಕಟಕಟೆ ಹತ್ತುವುದನ್ನೇ ನೋಡುತ್ತಿದ್ದು, ಕೇಸಿಗೆ ಸಂಬಂಧವೇ ಇಲ್ಲದವರ ಹಾಗೆ ಮೆತ್ತಗೆ ಕೇಳಿದರು. ಕೋರ್ಟಿನ ಮಾತು ತೆಲುಗು. ಮಾಳಪ್ಪನಿಗೆ ತೆಲುಗು ಬರುತ್ತಿತ್ತು, ಗಾಬರಿಯಾದರೆ ಮಾತ್ರ ಕನ್ನಡಕ್ಕೆ ಬೀಳುತ್ತಿದ್ದ.

"ಪೆದ್ದಾಯನಾ" ಎಂದರು, ಹಿರಿಯನೇ ಎಂದು. "ಕಾಲಿಗೆ ಏನಾಯಿತು?"

"ಬಿದ್ದೆರಿ."

"ಪಾಪ. ಎಲ್ಲಿ ಬಿದ್ದೆ?"

"ಪುಣೆದಾಗರಿ. ಸೆಂಟ್ರಿಂಗ್ ಮ್ಯಾಲಿಂದ."

"ಎಂದು?"

ಮಾಳಪ್ಪ ನನ್ನ ಕಡೆ ನೋಡಿದ. ನಾನು ಪಾಠ ಮಾಡಿಸಿದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ. ಕಣ್ಣು ಮುಚ್ಚಿ ಬೀರಪ್ಪನನ್ನು ನೆನೆದನೋ ಏನೋ, "ಹೋದ ದೀವಳಗಿಗೆ ಎಂಟ ದಿನ ಮುಂಚೇರಿ. ಹಬ್ಬ ದವಾಖಾನಿಯಾಗ ಮಾಡೀನಿ. ಚೀಟಿ ಐತ್ರಿ" ಎಂದ.

ಜಡ್ಜರು ಕನ್ನಡಕ ತೆಗೆದು ಪಂಚನಾಮೆಯ ತಾರೀಖು ನೋಡಿದರು. ಆಮೇಲೆ ನನ್ನನ್ನು ಕರೆದರು. ಸಹಿ ಯಾವಾಗ ಹಾಕಿಸಿದ್ದು ಎಂದು ಕೇಳಿದರು. ನನಗೆ ನೆನಪಿಲ್ಲ ಎಂದೆ. ಇಡೀ ನೌಕರಿಯಲ್ಲಿ ನಾನಾಡಿದ ಅತಿ ಹೇಡಿ ಮಾತು ಅದು. ವಕೀಲರು ಎದ್ದು, "ಇವರಲ್ಲಿ ಮೊದಲು ಖಾಲಿ ಹಾಳೆಗೆ ಒತ್ತಿಸಿಕೊಳ್ಳುತ್ತಾರೆ, ಆಮೇಲೆ ಬೇಕಾದದ್ದು ಬರೆದುಕೊಳ್ಳುತ್ತಾರೆ ಸ್ವಾಮಿ" ಎಂದರು. ಹಿಂದಿನ ಬೆಂಚಿನಲ್ಲಿ ಬಾಲಮ್ಮ ಕಿವಿಗೊಟ್ಟು ಕೂತಿದ್ದಳು.

ವೆಂಕಟಯ್ಯ ಮೂರೂ ಕಲಮಿನಿಂದ ಬಿಡುಗಡೆಯಾದ. ಜಡ್ಜರ ತಪ್ಪಿರಲಿಲ್ಲ. ನನಗೆ ಒಂದು ಮೆಮೊ ಬಂತು, ಒಂದು ಇನ್‌ಕ್ರಿಮೆಂಟು ನಿಂತಿತು. ಇನ್‌ಸ್ಪೆಕ್ಟರು ಬೇರೆ ಜಿಲ್ಲೆಗೆ ಹೋದರು. ಅಪೀಲು ಹಾಕೋಣವೆಂದು ಕಡತ ಮೇಲೆ ಕಳಿಸಿದೆ, ಅದು ಮೇಲೆಯೇ ಉಳಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನದು ಅಡಿಕೆಗೂ ಅಲ್ಲ, ಅರ್ಧ ತಾಸು ಉಳಿಸಲು ಹೋಯಿತು.

ಕೋರ್ಟಿನ ಹೊರಗೆ ಮಾಳಪ್ಪ ಕುಂಟುತ್ತ ಹತ್ತಿರ ಬಂದಿದ್ದ. ನನ್ನ ಬಾಯಿಂದ ಕೆಟ್ಟ ಬೈಗುಳ ಬಂತು.

"ನಿನ್ನೆ ನೀವು ಕಾಲಿಗೇನಾತು ಅಂತ ಕೇಳಿದ್ರ ನಿಮಗs ಹೇಳತಿದ್ದೆರಿ ಸಾಬ" ಎಂದ. "ನೀವು ಕೇಳಲಿಲ್ಲ."

ನಿವೃತ್ತಿಯಾಗಿ ವರ್ಷವಾದ ಮೇಲೆ ಒಂದು ಬೆಳಿಗ್ಗೆ ನರಸಮ್ಮ ನಾರಾಯಣಪೇಟೆಯ ನನ್ನ ಮನೆ ಹುಡುಕಿಕೊಂಡು ಬಂದಳು. ಬಯ್ಯಲು ಬಂದಳೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ನನ್ನ ಹೆಂಡತಿ ಕೊಟ್ಟ ಚಹಾ ಕುಡಿದು, ಅತ್ತೆ ಬಾಲಮ್ಮ ಹೋದ ತಿಂಗಳು ತೀರಿಕೊಂಡಳೆಂದು ಹೇಳಿದಳು. ಮೊಮ್ಮಗಳು ಸತ್ತ ದಿನದಿಂದ ಮುದುಕಿ ಸೇಂದಿ ಮುಟ್ಟಿರಲಿಲ್ಲವಂತೆ. ಮೊದಲ ವಾರ ಬಹಳ ನಡುಗಿದಳಂತೆ, ಆದರೂ ಮುಟ್ಟಲಿಲ್ಲ.

"ದುಕಾನ ಇನ್ನಾ ಐತೇನು?" ಎಂದೆ.

"ಐತ್ರಿ. ಅಳಿಯನ ಹೆಸರ ಮ್ಯಾಲ ನಡಿಸ್ತಾನ."

"ಮಕ್ಕಳಿಗೆ ಕೊಸರು?"

"ಹಾಕ್ತಾನ್ರಿ."

ಆಮೇಲೆ ಅವಳು ಕೈಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಕಾಗದ ತೆಗೆದು ಬಿಡಿಸಿದಳು. ಮಗುವಿನ ಶಾಲೆಯ ಪುಸ್ತಕದಿಂದ ಹರಿದ ಹಾಳೆ. ಪೂರಾ ಖಾಲಿ. ತಳದಲ್ಲಿ ನೀಲಿ ಮಸಿಯಲ್ಲಿ ಒಂದು ಹೆಬ್ಬೆಟ್ಟು.

"ಇದೇನು ತಂಗಿ?"

"ನಮ್ಮತ್ತಿದುರಿ. ಅವತ್ತ ಕೋರ್ಟಿನ್ಯಾಗ ವಕೀಲ ಅಂದಿದ್ದು ಕೇಳ್ಯಾಳ, ಮೊದ್ಲ ಒತ್ತಿಸ್ಕೋತಾರ, ಆಮ್ಯಾಲ ಬರಕೋತಾರ ಅಂತ. ನಂಗ ಗೊತ್ತಿದ್ದಿಲ್ಲ, ಗೊತ್ತಿದ್ರ ಅವತ್ತs ಒತ್ತಿ ಕೊಡ್ತಿದ್ದೆ ಅಂದ್ಲು. ಸಾಯೋಕಿಂತ ಮುಂಚೆ ಒತ್ತಿ ಇಟ್ಟಾಳ್ರಿ. ಆ ಸಾಬರ ಅಕ್ಷರ ಚೆಂದ ಐತಂತ, ಮ್ಯಾಲ ಏನ ಬರೀಬೇಕೋ ಬರದು ಕೋರ್ಟಿಗೆ ಹಾಕ್ಲಿ, ನನ್ನ ಕೈಲೆ ಕೊಟ್ಟು ಬಾ ಅಂದಾಳ."

ಈ ನಾಡಿಗೆ ನಾನು ಕಲಿಸಿದ ಕಾನೂನು ಇದು. ಹಳ್ಳಿಯ ಒಬ್ಬ ಮುದುಕಿ ಅದನ್ನೇ ನ್ಯಾಯದ ದಾರಿ ಎಂದು ನಂಬಿ ಸತ್ತಳು.

"ಇದು ಈಗ ನಡೆಯಂಗಿಲ್ಲ ತಂಗಿ" ಎಂದೆ.

ನರಸಮ್ಮ ಹಾಳೆಯನ್ನು ನನ್ನ ಕಡೆಗೆ ಸರಿಸಿದಳು.

"ಯಾಕ್ರಿ? ಹೆಬ್ಬಟ್ಟಂತನಾ?"

ಕಾಗದ ಇಸಿದುಕೊಂಡೆ. ಅವಳು ಕೈ ಮುಗಿದು, ಬಸ್ಸಿಗೆ ಹೊತ್ತಾಯಿತೆಂದು ಹೋದಳು. ಈಗಲೂ ಆ ಹಾಳೆ ನನ್ನ ಹತ್ತಿರವಿದೆ. ಎಷ್ಟೋ ಸಲ ಪೆನ್ನು ಹಿಡಿದು ಮುಂದೆ ಕೂತಿದ್ದೇನೆ. ಅದರ ಮೇಲೆ ಇನ್ನೂ ಒಂದು ಅಕ್ಷರವನ್ನೂ ಬರೆದಿಲ್ಲ.